ಕೆಲಗೇರಿ ಕೆರೆಯ ಕಲ್ಲುಗಳು ನೀರಿಗೆ ಇಳಿದ ಬಗೆ

ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಕುಳಿತು ಮಳೆಗಾಲದ ಆಕಾಶ, ನೀರು ಮತ್ತು ಕಲ್ಲುಗಳನ್ನು ಜಲವರ್ಣದಲ್ಲಿ ಹಿಡಿಯಲು ನಾನು ಮಾಡಿದ ಮೊದಲ 4 ಪ್ರಯತ್ನಗಳಲ್ಲೂ ಕಲ್ಲುಗಳು ನೀರಿನ ಮೇಲೆ ಅಂಟಿಸಿಟ್ಟಂತೆ ಕಾಣುತ್ತಿದ್ದವು. ಆಕಾಶದಲ್ಲಿ ಹೂಕೋಸಿನ ಅಂಚಿನಂತಹ ಕಲೆಗಳೂ ಏಳುತ್ತಿದ್ದವು. ಬಣ್ಣ ಅರೆ ಒಣಗಿದಾಗ ಹೆಚ್ಚು ನೀರಿರುವ ಕುಂಚವನ್ನು ಮತ್ತೆ ತಾಗಿಸಿದ್ದೇ ಕಲೆಗಳಿಗೆ ಕಾರಣವೆಂದು ತಿಳಿದ ಮೇಲೆ, 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದವನ್ನು ಪೂರ್ತಿ ಒದ್ದೆ ಮಾಡಿ, ಆಕಾಶವನ್ನೂ ನೀರನ್ನೂ ಒಟ್ಟಿಗೇ ಬಳಿದು, ಹಾಳೆ ಒಣಗುವವರೆಗೆ ಕೈಕಟ್ಟಿ ಕುಳಿತೆ.

ನಿಜವಾದ ಪರಿಹಾರ ದೊರೆತದ್ದು ಬೂದುಬಣ್ಣದಲ್ಲಿ. ಅಂಗಡಿಯ ಕಪ್ಪನ್ನು ಬಿಟ್ಟು, ಆಕಾಶಕ್ಕೆ ಬಳಸಿದ ಅಲ್ಟ್ರಾಮರೀನ್ ನೀಲಿಗೇ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ಕಲ್ಲುಗಳನ್ನು ಬರೆದಾಗ ಅವು ಅದೇ ಬೆಳಕಿಗೆ ಸೇರಿದವು. ಕಲ್ಲು ನೀರನ್ನು ಮುಟ್ಟುವ ಗೆರೆ ಇನ್ನೂ ಹಸಿಯಿರುವಾಗಲೇ ಬರಿ ನೀರಿನ ಕುಂಚವನ್ನು ಕೆಳಗೆಳೆದೆ. ಬಣ್ಣ ತಾನಾಗಿ ಜಾರಿ ಪ್ರತಿಬಿಂಬವಾಯಿತು, ಕೆರೆಯಲ್ಲಿ ಕಾಣುವಂತೆಯೇ ಕಲ್ಲಿಗಿಂತ ತುಸು ತಿಳಿಯಾಗಿ. ಕಣ್ಣಿಗೆ ಬಿದ್ದ 15 ಕಲ್ಲುಗಳಲ್ಲಿ 3 ಮಾತ್ರ ಉಳಿಸಿಕೊಂಡೆ. ಉಳಿದವನ್ನು ಬಿಡುವುದು ನನಗೆ ಬಹಳ ಕಷ್ಟವಾಯಿತು. ಆಚೆ ದಡದ ಮರಗಳು ಈಗ ಒಂದು ಮಸುಕಾದ ಪಟ್ಟಿಯಷ್ಟೇ.