ಕೈಪಿಡಿಯಲ್ಲಿ ಇದ್ದರೂ ಸಿಗದ ಉತ್ತರ: ನಾನು ಸರಿಮಾಡಿದ ರೀತಿ

ನಮ್ಮ ಸಾಫ್ಟ್‌ವೇರ್ ಕೈಪಿಡಿಯಲ್ಲಿ ಉತ್ತರ ಇರುತ್ತಿತ್ತು, ಓದುವವರಿಗೆ ಸಿಗುತ್ತಿರಲಿಲ್ಲ. ಟೋಕನ್ (ಪ್ರವೇಶಕ್ಕೆ ಬೇಕಾದ ಗುರುತಿನ ಕೋಡ್) ರಿನ್ಯೂ ಮಾಡುವ ಕಮಾಂಡ್, ‘ಟೋಕನ್ ಅಂದರೇನು’ ಅನ್ನೋ ಉದ್ದ ವಿವರಣೆಯ ಕೆಳಗೆ ಹೂತುಹೋಗಿತ್ತು. ಮೆನು ಹೆಸರು ಬದಲಿಸಿದೆ, ಪ್ರಶ್ನೋತ್ತರ ಪುಟ ಸೇರಿಸಿದೆ. ಉಪಯೋಗ ಆಗಲಿಲ್ಲ.

ಕೈ ಹಿಡಿದದ್ದು ಡಯಾಟ್ಯಾಕ್ಸಿಸ್ ವಿಂಗಡಣೆ, ಅಂದರೆ ಕೈಪಿಡಿಯ ಪುಟಗಳನ್ನು ಓದುವವರ ಅಗತ್ಯದ ಪ್ರಕಾರ ನಾಲ್ಕು ಬಗೆಯಾಗಿ ವಿಂಗಡಿಸುವ ಪದ್ಧತಿ. ಮೆನು ಮುಟ್ಟೋ ಮೊದಲು ಎಲ್ಲ ಪುಟಗಳನ್ನೂ ಸ್ಪ್ರೆಡ್‌ಶೀಟಿಗೆ ಇಳಿಸಿ, ಪಕ್ಕದಲ್ಲಿ ಬಗೆ ಬರೆದೆ: ಪಾಠ, ಮಾಡುವ ವಿಧಾನ, ರೆಫರೆನ್ಸ್ (ಬೇಕಾದಾಗ ತೆಗೆದು ನೋಡುವ ಮಾಹಿತಿ), ವಿವರಣೆ. ಒಂದೇ ಪುಟಕ್ಕೆ ಎರಡು ಬಗೆ ಬಂದರೆ ಅದನ್ನು ಒಡೆಯಲೇಬೇಕು, ಇದೇ ಮುಖ್ಯ. ಟೋಕನ್ ಪುಟ ಹಾಗೇ ಎರಡಾಯಿತು. ಆಮೇಲೆ ಎಂಕೆಡಾಕ್ಸ್ (ಕೈಪಿಡಿಯನ್ನು ವೆಬ್‌ಸೈಟ್ ಮಾಡುವ ಸಾಧನ) ಕಾನ್ಫಿಗ್ ಫೈಲಿನಲ್ಲಿ ‘ನ್ಯಾವ್’ ಪಟ್ಟಿಯನ್ನು, ಅಂದರೆ ಮೆನುವಿನ ಪುಟಗಳ ಕ್ರಮವನ್ನು, ಕೈಯಾರೆ ಬರೆದೆ, ಮೆನುವಿಗೆ ಎರಡೇ ಹಂತ. ಆ ಪಟ್ಟಿ ಇಲ್ಲದಿದ್ದರೆ ಪುಟಗಳು ಸುಮ್ನೆ ಫೈಲ್ ಹೆಸರಿನ ಅಕ್ಷರ ಕ್ರಮದಲ್ಲಿ ಬರುತ್ತವೆ. ಕೊನೆಗೆ ಹಳೆಯ ಲಿಂಕುಗಳಿಗೆಲ್ಲ ರೀಡೈರೆಕ್ಟ್ ಹಾಕಿದೆ, ಅಂದರೆ ಅವನ್ನು ಒತ್ತಿದರೆ ಹೊಸ ಪುಟಕ್ಕೇ ಹೋಗುವ ಹಾಗೆ ಮಾಡಿದೆ.