ಹೊಸಬರಿಗೆ ಮಾರ್ಗದರ್ಶಿ: ಹೆಲ್ತ್ ಕಾರ್ಡ್ ಮತ್ತು ಟಾಮಿ ಡಗ್ಲಸ್

ಕೆನಡಾದಲ್ಲಿ ನಿಮಗೊಂದು ವಿಳಾಸ ಸಿಕ್ಕ ಕೂಡಲೇ ಪ್ರಾಂತ್ಯದ ಹೆಲ್ತ್ ಕಾರ್ಡಿಗೆ, ಅಂದರೆ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡಿಗೆ, ಅರ್ಜಿ ಹಾಕಿ. ಪಾಸ್‌ಪೋರ್ಟ್, ವಲಸೆಯ ಕಾಗದ, ಬಾಡಿಗೆ ಕರಾರು ಕೈಯಲ್ಲಿರಲಿ. ಮಕ್ಕಳಿಗೂ ಬೇರೆ ಬೇರೆ ಕಾರ್ಡ್ ಬೇಕು. ಬ್ರಿಟಿಷ್ ಕೊಲಂಬಿಯದಂಥ ಕಡೆ ಸುಮಾರು ಮೂರು ತಿಂಗಳು ಕಾಯಬೇಕಾಗುತ್ತದೆ. ಅಷ್ಟು ದಿನಕ್ಕೆ ಖಾಸಗಿ ವಿಮೆ ಮಾಡಿಸಿಕೊಳ್ಳಿ, ಉಳಿತಾಯದ ಯೋಚನೆ ಇಲ್ಲಿ ಬೇಡ.

ಮೊದಲ ಸಲ ಕ್ಲಿನಿಕ್ಕಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಹೊರಡುವಾಗ ಕೌಂಟರಿನ ಮುಂದೆ ಪರ್ಸ್ ಬಿಚ್ಚಿ ನಿಲ್ಲುತ್ತಾರೆ. ಎಷ್ಟಾಯಿತು ಎಂದು ಕೇಳುತ್ತಾರೆ. ಏನೂ ಕೊಡಬೇಕಾಗಿಲ್ಲ ಎಂಬ ಉತ್ತರ ಬಂದರೂ ಕಾಲು ಕದಲುವುದಿಲ್ಲ. ಮುಂಗಡ ಕಟ್ಟಿದ ಮೇಲೆಯೇ ಹಾಸಿಗೆ ಸಿಗುವುದನ್ನು ನೋಡಿ ಬೆಳೆದವರು ನಾವು. ಕಾರ್ಡ್ ತೋರಿಸಿದರೆ ಸಾಕು ಎಂಬ ಈ ಏರ್ಪಾಡು ಹೇಗೆ ಸಾಧ್ಯವಾಯಿತೆಂದು ತಿಳಿಯಬೇಕಾದರೆ ಕೆನಡಾದ ರಾಜಕಾರಣಿ ಟಾಮಿ ಡಗ್ಲಸ್ ಅವರ ಕಥೆ ಕೇಳಬೇಕು.

1904ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವರು ಆರನೆಯ ವಯಸ್ಸಿನ ಹೊತ್ತಿಗೆ ವಿನ್ನಿಪೆಗ್ ನಗರಕ್ಕೆ ಬಂದರು. ನಿಮ್ಮ ಮಕ್ಕಳ ಹಾಗೆಯೇ ವಲಸೆ ಬಂದ ಹುಡುಗ. ಬಿದ್ದು ಪೆಟ್ಟಾಗಿದ್ದ ಬಲಗಾಲಿನ ಮೂಳೆಗೆ ಸೋಂಕು ಹತ್ತಿತ್ತು. ಕಾಲು ಕತ್ತರಿಸಬೇಕೆಂದು ವೈದ್ಯರು ಹೇಳಿದ್ದರು, ತಜ್ಞರ ಬಳಿ ಹೋಗಲು ಮನೆಯಲ್ಲಿ ದುಡ್ಡಿರಲಿಲ್ಲ. ಕೊನೆಗೆ ಶಸ್ತ್ರವೈದ್ಯರೊಬ್ಬರು, ವಿದ್ಯಾರ್ಥಿಗಳು ನಿಂತು ನೋಡಲು ಒಪ್ಪುವುದಾದರೆ ಪುಕ್ಕಟೆಯಾಗಿ ಮಾಡುತ್ತೇನೆಂದರು. ಕಾಲು ಉಳಿಯಿತು. ಮುಂದೆ ಅದೇ ಹುಡುಗ ಮ್ಯಾನಿಟೋಬದ ಬಾಕ್ಸಿಂಗ್ ಚಾಂಪಿಯನ್ ಆದ! ಆದರೆ ಒಬ್ಬ ವೈದ್ಯರ ಮನಸ್ಸು ಕರಗಿದ್ದರಿಂದ ಮಾತ್ರ ತನ್ನ ಕಾಲು ಉಳಿಯಿತೆಂಬುದನ್ನು ಅವರು ಜೀವನಪೂರ್ತಿ ಮರೆಯಲಿಲ್ಲ.

ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಎಂಬ ಊರಿನಲ್ಲಿ ಪಾದ್ರಿಯಾಗಿದ್ದು, 1935ರಲ್ಲಿ ಸಂಸದರಾದರು. ಆದರೆ ಆಸ್ಪತ್ರೆಗಳು ಪ್ರಾಂತ್ಯಗಳ ಕೈಯಲ್ಲಿದ್ದವು. 1944ರಲ್ಲಿ ಅದೇ ಪ್ರಾಂತ್ಯದ ಪ್ರೀಮಿಯರ್ ಆದರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ. 1947ರ ಜನವರಿ 1ರಿಂದ ಆಸ್ಪತ್ರೆ ವಿಮೆ ಬಂತು, ವರ್ಷಕ್ಕೆ ತಲೆಗೆ 5 ಡಾಲರ್. ವೈದ್ಯರ ಶುಲ್ಕಕ್ಕೂ ವಿಮೆ ತರುವ ಮಾತು ಕೊಟ್ಟು 1960ರ ಚುನಾವಣೆ ಗೆದ್ದರು. ಮರುವರ್ಷ ರಾಷ್ಟ್ರ ರಾಜಕಾರಣಕ್ಕೆ ಮರಳಿ ನ್ಯೂ ಡೆಮಾಕ್ರಟಿಕ್ ಪಕ್ಷದ ಮೊದಲ ನಾಯಕರಾದ ಕಾರಣ, 1962ರ ಜುಲೈ 1ರಂದು ಯೋಜನೆ ಜಾರಿಗೆ ತಂದವರು ಅವರ ಉತ್ತರಾಧಿಕಾರಿ ವುಡ್ರೋ ಲಾಯ್ಡ್. ವೈದ್ಯರು 23 ದಿನ ಮುಷ್ಕರ ಹೂಡಿದರೂ ಲಾಯ್ಡ್ ಹಿಂದೆ ಸರಿಯಲಿಲ್ಲ. ಡಗ್ಲಸ್ ಅವರಷ್ಟೇ ಋಣ ಅವರದ್ದೂ ನಮ್ಮ ಮೇಲಿದೆ. 1966ರಲ್ಲಿ ಪ್ರಧಾನಿ ಪಿಯರ್ಸನ್ ಅವರ ಕೇಂದ್ರ ಸರ್ಕಾರ, ಪ್ರಾಂತ್ಯಗಳ ಇಂಥ ಯೋಜನೆಗಳಿಗೆ ಹಣ ಕೊಡುವ ವೈದ್ಯಕೀಯ ಕಾಯ್ದೆ ತಂದಿತು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಸೇರಿದವು.

ಒಟ್ಟಾವ, ಅಂದರೆ ಕೇಂದ್ರ ಸರ್ಕಾರ, ಹಣ ಕೊಡುತ್ತದೆ, ಪ್ರಾಂತ್ಯ ನಡೆಸುತ್ತದೆ ಎಂಬ ಆ ಏರ್ಪಾಡು ಇಂದಿಗೂ ಇದೆ. ಹಾಗಾಗಿ ಕಾರ್ಡ್ ತಡವಾದರೆ ನಿಮ್ಮ ಕ್ಷೇತ್ರದ ಪ್ರಾಂತೀಯ ಶಾಸಕರ ಕಚೇರಿಗೆ ಹೋಗಿ, ವೀಸಾ, ಪಿ.ಆರ್. (ಕಾಯಂ ವಾಸದ ಅನುಮತಿ) ತೊಡಕಿದ್ದರೆ ಸಂಸದರ ಕಚೇರಿಗೆ. ಪೌರತ್ವ ಸಿಗುವವರೆಗೆ ನಮಗೆ ಮತವಿಲ್ಲವೆಂದು ಹಿಂಜರಿಯಬೇಡಿ, ಕ್ಷೇತ್ರದಲ್ಲಿ ವಾಸವಿರುವವರಿಗೆಲ್ಲ ಅವರು ನೆರವಾಗುತ್ತಾರೆ.

ಹಲ್ಲಿನ ಚಿಕಿತ್ಸೆ, ಕನ್ನಡಕ, ಔಷಧಿಯ ಅಂಗಡಿಯ ಮಾತ್ರೆ ಸಾಮಾನ್ಯವಾಗಿ ಈ ಕಾರ್ಡಿನಲ್ಲಿ ಸೇರಿಲ್ಲ. ಕೆಲಸದ ಕಡೆ ವಿಮೆ ಇದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಫ್ಯಾಮಿಲಿ ಡಾಕ್ಟರ್ ಸಿಗುವುದು ಕಷ್ಟ; ಸರದಿಯಲ್ಲಿ ಹೆಸರು ಬರೆಸಿ, ಅಲ್ಲಿಯವರೆಗೆ ಮುಂಚೆ ಸಮಯ ಗೊತ್ತುಮಾಡದೆ ಹೋಗಬಹುದಾದ ವಾಕ್-ಇನ್ ಕ್ಲಿನಿಕ್ ಇದೆ. ಜೀವಕ್ಕೆ ಅಪಾಯವಾದರೆ 911ಕ್ಕೆ ಫೋನ್ ಮಾಡಿ. ಆಂಬುಲೆನ್ಸಿಗೆ ಹಲವೆಡೆ ಬಿಲ್ ಬರುತ್ತದೆ, ಆದರೂ ಕರೆಯಲು ತಡ ಮಾಡಬೇಡಿ.

ಬಾಣಂತನಕ್ಕೆಂದು ಬರುವ ಅಪ್ಪ ಅಮ್ಮನಿಗೆ ಸಂದರ್ಶಕ ವೀಸಾದಲ್ಲಿ ಈ ಕಾರ್ಡ್ ಸಿಗುವುದಿಲ್ಲ. ಅವರು ವಿಮಾನ ಹತ್ತುವ ಮೊದಲೇ ವಿಮೆ ಮಾಡಿಸಿ, ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ.