ಹೆಬ್ಬೆಟ್ಟು ತಗೊಳ್ಳದ ಮಷೀನ್: ನನ್ನ ಅನುಭವ

ನಾನು ಪಾಠ ಮಾಡೋದು ಇಂಟರಾಕ್ಷನ್ ಡಿಸೈನ್. ಜನ ಮತ್ತು ಯಂತ್ರದ ನಡುವೆ ನಡೆಯುವ ವ್ಯವಹಾರವನ್ನು ರೂಪಿಸುವ ಕೆಲಸ. ಊರು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಷೀನ್ ಬಗ್ಗೆ ಕೆಲಸ ಶುರು ಮಾಡಿದಾಗ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೇ ಹೋದೆ, ಹತ್ತಿ ಬಿಡಿಸುವ ದಿನಗಳಲ್ಲಿ.

ಬೇಕಂತಲೇ ಆ ದಿನಗಳನ್ನು ಆರಿಸಿಕೊಂಡಿದ್ದೆ. ಒಣಗಿ ಬಿರಿದ ಹತ್ತಿಕಾಯಿಯ ತುದಿ ಚೂಪು. ದಿನವಿಡೀ ಬಿಡಿಸಿದರೆ ಬೆರಳು ಗೀರಿ, ಒಡೆದು, ಗೆರೆಗಳೇ ಮಸುಕಾಗುತ್ತವೆ. ಮಷೀನ್ ಓದೋದು ಆ ಗೆರೆಗಳನ್ನೇ ಅಲ್ವಾ?

ಒಬ್ಬ ಅಜ್ಜಿ ನಾಲ್ಕು ಸಲ ಒತ್ತಿದರು. ಬೆರಳನ್ನು ಸೆರಗಿಗೆ ಒರೆಸಿದರು. ಎಣ್ಣೆಯ ತಲೆಗೂದಲಿಗೆ ಸವರಿ ಮತ್ತೆ ಒತ್ತಿದರು. ಆಗಲಿಲ್ಲ. ಬೆರಳಿನ ಬದಲು ಕೊಡಬಹುದಾದ ಓಟಿಪಿ ಬರುವ ಫೋನ್ ಬೆಂಗಳೂರಿಗೆ ದುಡಿಯಲು ಹೋದ ಮಗನ ಹತ್ತಿರ. "ನನ್ನ ಬಟ್ಟ (ಬೆರಳು) ಸರಿ ಇಲ್ಲ ಬಿಡವ್ವಾ" ಎಂದು ನನಗೇ ಸಮಾಧಾನ ಹೇಳಿ ಚೀಲ ಮಡಚಿದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸೋತದ್ದು ಮಷೀನ್, ತಪ್ಪು ಹೊತ್ತದ್ದು ಕೈ. ಗಾಜು, ಬೆಳಕು, ಬೆರಳಿಡುವ ಕೋನ ಸರಿಪಡಿಸೋಣ ಅಂತ ಹೋದವರು ನಾವು. ಮಷೀನಿನ ಸ್ಕ್ರೀನ್ ಇರೋದು ಅಂಗಡಿಯವರ ಕಡೆಗೆ, ಅಜ್ಜಿಗೆ ಏನೂ ಕಾಣಲ್ಲ ಅನ್ನೋದನ್ನೇ ಗಮನಿಸಿರಲಿಲ್ಲ. ಅಮೆರಿಕದ ಕೃತಕ ಬುದ್ಧಿಮತ್ತೆ ಸಂಶೋಧಕ ಫಿಲಿಪ್ ಆಗ್ರೆ 1997ರಲ್ಲಿ 'ಕ್ರಿಟಿಕಲ್ ಟೆಕ್ನಿಕಲ್ ಪ್ರಾಕ್ಟೀಸ್' ಬಗ್ಗೆ ಬರೆದಿದ್ದರು: ಒಂದು ಕಾಲು ಯಂತ್ರ ರೂಪಿಸುವ ಕೆಲಸದಲ್ಲಿ, ಇನ್ನೊಂದು ಅದನ್ನೇ ಪ್ರಶ್ನಿಸುವುದರಲ್ಲಿ ಇರಬೇಕು ಅಂತ. ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಅರ್ಥವಾದದ್ದು ಆ ಅಂಗಡಿಯಲ್ಲಿ.

ರಟ್ಟಿನಲ್ಲಿ ಒಂದು ಮಷೀನ್ ಮಾಡಿದೆವು. ಪರದೆ ಹಿಂದೆ ಕೂತ ವಿದ್ಯಾರ್ಥಿನಿಯೇ ಅದರ ದನಿ. ಇದು ಸುಮ್ನೆ ಆಟವಲ್ಲ, ಕೋಡ್ ಬರೆಯುವ ಮೊದಲು ಮಾತುಕತೆ ಹೇಗಿರಬೇಕು ಅಂತ ನೋಡುವ ಹಳೆಯ ವಿಧಾನ. ಮೊದಲು "ಬೆರಳು ಸರಿಯಿಲ್ಲ" ಅನ್ನಿಸಿದೆವು. ಎಲ್ಲರೂ ಮತ್ತೆ ಕೈ ಒರೆಸಿಕೊಂಡರು. ಆಮೇಲೆ ಮಾತು ಬದಲಿಸಿದೆವು: "ನನಗ ಓದಾಕ ಆಗ್ಲಿಲ್ಲ." ಅದೇ ಅಜ್ಜಿ ಅಂಗಡಿಯವರ ಕಡೆ ತಿರುಗಿ, "ಅದಕ್ಕ ಓದಾಕ ಬರಲ್ಲಂತ. ನೀನ ಬರ್ಕೊಳಪ್ಪಾ" ಅಂದರು.

ಅಂಗಡಿಯವರಿಗೆ ಇದು ಹಿಡಿಸಲಿಲ್ಲ. "ಮಷೀನ್ ಹಂಗಂದ್ರ ಜನ ಬೈಯೋದು ನನಗ ಮೇಡಂ" ಅಂದರು. ಅವರ ಮಾತೂ ನಿಜ. ಹಾಗಾಗಿ ಒಂದು ಚೀಟಿ ಸೇರಿಸಿದೆವು: ಎಷ್ಟು ಸಲ ಒತ್ತಿದರು, ಯಾಕೆ ಆಗಲಿಲ್ಲ, ಮುಂದೆ ಏನು ಮಾಡಬೇಕು. ಚೀಟಿಯ ಒಂದೊಂದು ಸಾಲನ್ನೂ ಅವರ ಜೊತೆ ಕೂತೇ ಬರೆದೆವು. ಮೂರನೇ ಸಾಲಿಗೇ ಜಾಸ್ತಿ ಹೊತ್ತು ಹಿಡಿಯಿತು.